ರಾತ್ರಿ ನಿದ್ದೆ ತುಂಡು ತುಂಡಾದರೆ ರಕ್ತಕ್ಕೆ ಏನಾಗುತ್ತದೆ?

ಪ್ರಶ್ನೆ: ನಮ್ಮ ಯಜಮಾನರು ಕಾರವಾರದ ಕಡೆ ಫೈರ್ ಸ್ಟೇಷನ್ನಿನಲ್ಲಿದ್ದಾರೆ. ನೈಟ್ ಡ್ಯೂಟಿಯಲ್ಲಿ ಕರೆ ಬಂದರೆ ನಿದ್ದೆಯೇ ಇಲ್ಲ. ಬೆಳಿಗ್ಗೆ ಮನೆಗೆ ಬಂದರೆ ಸೆಕೆಗೆ ಮಲಗಲಾಗುವುದಿಲ್ಲ. ಮೊನ್ನೆ ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ 11,800 ಬಂದಿದೆ. ಜ್ವರ, ಗಾಯ ಏನೂ ಇಲ್ಲ. ನಿದ್ದೆಗೆಟ್ಟರೆ ರಕ್ತ ಕೆಡುತ್ತದೆ ಅಂತ ಅತ್ತೆ ಹೇಳುತ್ತಾರೆ. ಹೌದಾ?

ಅತ್ತೆಯ ಮಾತಿನಲ್ಲಿ ಹುರುಳಿದೆ. ಆದರೆ ಮೊದಲು ಹೇಳಿ, ಆ ರಕ್ತ ಕೊಟ್ಟಿದ್ದು ಯಾವಾಗ? ಡ್ಯೂಟಿ ಮುಗಿಸಿ ಬರುವಾಗ, ಹೇಗೂ ಹೊಟ್ಟೆ ಖಾಲಿ ಇದೆಯಲ್ಲ ಅಂತ, ದಾರಿಯಲ್ಲೇ ಲ್ಯಾಬಿಗೆ ಹೋಗಿ ಕೊಟ್ಟು ಬಂದರಾ? ಬಹಳ ಜನ ಹಾಗೇ ಮಾಡುತ್ತಾರೆ. ಗಂಟೆ ಹೊಡೆದ ಕೂಡಲೇ ಎದ್ದು, ಬೂಟು ಹಾಕಿ, ಗಾಡಿ ಹತ್ತಿ, ಬೆಂಕಿಯ ಎದುರು ಎರಡು ತಾಸು ಪೈಪು ಹಿಡಿದು ನಿಂತವರ ಮೈಯಲ್ಲಿ ಅಡ್ರಿನಾಲಿನ್ ಎಂಬ ಹಾರ್ಮೋನು ಉಕ್ಕಿರುತ್ತದೆ. ರಕ್ತನಾಳದ ಗೋಡೆಗೆ ಅಂಟಿಕೊಂಡು ಸುಮ್ನೆ ಕೂತಿದ್ದ ಬಿಳಿ ಕಣಗಳನ್ನು ಅದು ಎಬ್ಬಿಸಿ ಹರಿವಿಗೆ ತಳ್ಳುತ್ತದೆ. ಆಗ ಎಣಿಸಿದರೆ ಲೆಕ್ಕ ಜಾಸ್ತಿಯೇ ಬರುತ್ತದೆ. ಬೆವರಿ ಮೈಯಲ್ಲಿ ನೀರು ಕಡಿಮೆಯಾಗಿದ್ದರೆ ಹಿಮೋಗ್ಲೋಬಿನ್ ಕೂಡ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ದೊಡ್ಡವರಿಗೆ ಬಿಳಿ ಕಣ 4,000ದಿಂದ 11,000 ಸಾಮಾನ್ಯ. ಹಾಗಾಗಿ 11,800 ನೋಡಿ ಗಾಬರಿ ಬೇಡ.

ಎರಡು ರಾತ್ರಿ ಮನೆಯಲ್ಲಿ ಸರಿಯಾಗಿ ಮಲಗಿ, ನೀರು ಕುಡಿದು, ಮತ್ತೆ ಪರೀಕ್ಷೆ ಮಾಡಿಸಲಿ. ಬೀಡಿ, ಸಿಗರೇಟು ಇದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಲಿ, ಅದರಿಂದಲೂ ಈ ಲೆಕ್ಕ ಏರುತ್ತದೆ.

ಈಗ ಅತ್ತೆಯ ಮಾತಿಗೆ ಬರುತ್ತೇನೆ. ರಕ್ತ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಕೆಂಪು ಕಣವೊಂದೇ ಸೆಕೆಂಡಿಗೆ ಸುಮಾರು 20 ಲಕ್ಷ ಹುಟ್ಟುತ್ತವೆ. ಈ ಕೆಲಸದ ಮೇಲೆ ನಿದ್ದೆಗೂ ಹಿಡಿತವಿದೆ ಅಂತ ಗೊತ್ತಾಗಿದ್ದು ಇತ್ತೀಚೆಗೆ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಲಿಗಳನ್ನು ಮಲಗಿದಾಗಲೆಲ್ಲ ಎಬ್ಬಿಸುತ್ತಿದ್ದರು. ಮಿದುಳಿನಲ್ಲಿ ಹೈಪೊಕ್ರೆಟಿನ್ ಎಂಬ ರಾಸಾಯನಿಕ ಕಡಿಮೆಯಾಯಿತು, ಮಜ್ಜೆ ಬಿಳಿ ಕಣಗಳನ್ನು ಬೇಕಾದ್ದಕ್ಕಿಂತ ಜಾಸ್ತಿ ಮಾಡತೊಡಗಿತು, ರಕ್ತನಾಳದೊಳಗೆ ಕೊಬ್ಬು ಕಟ್ಟುವುದೂ ಹೆಚ್ಚಿತು. 2022ರಲ್ಲಿ 14 ಮಂದಿ ಆರೋಗ್ಯವಂತರ ಮೇಲೆ ನೋಡಿದರು. ಆರು ವಾರ, ದಿನಾ ಒಂದೂವರೆ ತಾಸು ನಿದ್ದೆ ಕಡಿತ, ಅಷ್ಟೇ. ರಕ್ತದಲ್ಲಿ ಬಿಳಿ ಕಣ ಹೆಚ್ಚಿದ್ದಲ್ಲದೆ, ಅವನ್ನು ಹುಟ್ಟಿಸುವ ಮೂಲಕೋಶಗಳ ನಡತೆಯಲ್ಲೇ ಗುರುತು ಉಳಿಯಿತು. ಇಲಿಗಳಲ್ಲಂತೂ ಆಮೇಲೆ ವಾರಗಟ್ಟಲೆ ಚೆನ್ನಾಗಿ ಮಲಗಿಸಿದರೂ ಅದು ಪೂರ್ತಿ ಅಳಿಯಲಿಲ್ಲ. 14 ಜನ ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಆದರೂ ರಜೆ ದಿನ ಒಟ್ಟಿಗೆ ಮಲಗಿ ಸರಿಮಾಡಿಕೊಳ್ಳುತ್ತೇನೆ ಅನ್ನುವವರನ್ನು ಕಂಡರೆ ನನಗೆ ಚಿಂತೆಯಾಗುತ್ತದೆ.

ನಮ್ಮ ಜಿಲ್ಲೆಯ ಫೈರ್‌ನವರಿಗೆ ವರ್ಷವಿಡೀ ಬಿಡುವಿಲ್ಲ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ, ಮಳೆಗಾಲದಲ್ಲಿ ಮರ ಬಿದ್ದದ್ದು, ಧರೆ ಕುಸಿದದ್ದು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಜರಿದಾಗ ಎಡೆಬಿಡದ ಮಳೆಯಲ್ಲಿ ಹುಡುಕಿದವರಲ್ಲಿ ಇವರ ಇಲಾಖೆಯವರೂ ಇದ್ದರು, ಅಲ್ವಾ? ಜೊತೆಗೆ ಹೊಗೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಬೆಂಕಿ ನಂದಿಸುವ ವೃತ್ತಿಯನ್ನೇ ಕ್ಯಾನ್ಸರ್ ತರಬಲ್ಲದ್ದು ಎಂಬ ಮೊದಲ ಗುಂಪಿಗೆ ಸೇರಿಸಿದೆ. ಹೀಗಾಗಿ ಎರಡನೇ ಪರೀಕ್ಷೆಯಲ್ಲೂ ಲೆಕ್ಕ ಇಳಿಯದಿದ್ದರೆ, ಇಲ್ಲವೇ ತೂಕ ಇಳಿಯುವುದು, ರಾತ್ರಿ ಬೆವರುವುದು, ಕುತ್ತಿಗೆಯಲ್ಲಿ ಗಂಟು ಕಂಡರೆ ತಡಮಾಡಬೇಡಿ.

ಇನ್ನೊಂದು ಮಾತು, ದಯವಿಟ್ಟು ನೆನಪಿಡಿ. ಹೊಗೆಯಲ್ಲಿ ಕೆಲಸ ಮಾಡಿ ಬಂದ ದಿನ ತಲೆನೋವು, ವಾಕರಿಕೆ, ಮಂಪರು ಇದ್ದರೆ ನಿದ್ದೆಗೆಟ್ಟಿದ್ದಕ್ಕೆ ಅಂತ ಮಲಗಲು ಬಿಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್‌ಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, 98 ಅಂತಲೇ ತೋರಿಸಬಹುದು. ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೊಗೆ ಕುಡಿದಿದ್ದಾರೆ ಅಂತ ಹೇಳಿ.

ಉಳಿದ ದಿನ, ಬಂದವರು ಸ್ನಾನ ಮಾಡಿ ಬಿಸಿಲೇರುವ ಮೊದಲೇ ಮಲಗಲಿ. ಸ್ಲ್ಯಾಬ್ ಮನೆಯಾದರೆ ಮಹಡಿ ಬೇಡ, ಕೆಳಗಿನ ಕೋಣೆ, ಕಿಟಕಿಗೆ ದಪ್ಪ ಪರದೆ, ಫ್ಯಾನು. ಮಧ್ಯಾಹ್ನ ಊಟಕ್ಕೆ ಅಂತ ಎಬ್ಬಿಸಬೇಡಿ. ಸಾರು ಆರಿದರೆ ಅಡ್ಡಿಯಿಲ್ಲ, ಬಿಸಿ ಮಾಡಬಹುದು. ಗೊರಕೆ ಜೋರಾಗಿದ್ದು ನಡುನಡುವೆ ಉಸಿರು ನಿಂತಂತಾದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದೂ ನಿದ್ದೆ ತುಂಡರಿಸುವ ಕಾಯಿಲೆಯೇ.

ಅವರು ರಕ್ತದಾನ ಮಾಡುವವರಾದರೆ ನೈಟ್ ಡ್ಯೂಟಿಯ ಮರುದಿನ ನಿದ್ದೆಯಿಲ್ಲದೆ ಕೊಡುವಂತಿಲ್ಲ. ತುರ್ತು ಸೇವೆಯಲ್ಲಿರುವವರಿಗೆ ದಾನಕ್ಕೂ ಮುಂದಿನ ಡ್ಯೂಟಿಗೂ ನಡುವೆ ಕನಿಷ್ಠ 24 ಗಂಟೆ ಇರಬೇಕು ಅಂತ ನಿಯಮವೇ ಇದೆ. ಶಿಬಿರದಲ್ಲಿ ಯಾರೂ ಕೇಳದಿದ್ದರೂ ಅವರೇ ಹೇಳಲಿ.