ವಯಸ್ಕರ ಹಗಲು ಕೇಂದ್ರದಲ್ಲಿ ತರಬೇತುದಾರರ ಕೆಲಸ: ನೆರವು ಕೊಡುವುದು, ನೆರವು ಹಿಂತೆಗೆಯುವುದು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಡುತ್ತದೆ. ಆ ವಯಸ್ಸು ದಾಟಿದ ಮೇಲೆ ಬೌದ್ಧಿಕ ವಿಕಲತೆ, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ಹಾನಿಯಿಂದ ಕೈಕಾಲುಗಳ ಚಲನೆಗೆ ತೊಡಕಾಗುವ ಸ್ಥಿತಿ) ಇರುವ ಅನೇಕರು ಮನೆಯಲ್ಲಿ ಟಿ.ವಿ.ಯ ಮುಂದೆ ಕುಳಿತುಬಿಡುತ್ತಾರೆ. ಶಾಲೆಯಲ್ಲಿ ಕಷ್ಟಪಟ್ಟು ಕಲಿತದ್ದು ಬಳಕೆಯಿಲ್ಲದೆ ಕೈತಪ್ಪುತ್ತದೆ. ಹಗಲು ಕೇಂದ್ರ ಇರುವುದು ಬದುಕಿನ ಈ ಘಟ್ಟಕ್ಕಾಗಿ. ಆದ್ದರಿಂದ ಅಲ್ಲಿ ತರಬೇತುದಾರರಾಗಲು ಓದುತ್ತಿರುವ ನಾವು ಅದನ್ನು ಶಾಲೆಯ ಮುಂದುವರಿಕೆ ಎಂದು ಭಾವಿಸಬಾರದು.

ಅಲ್ಲಿಗೆ ಬರುವವರು 25 ಅಥವಾ 40 ವರ್ಷದ ವಯಸ್ಕರು. ಮನೆಯವರು ಪ್ರೀತಿಯಿಂದ ‘ಮಗು’ ಎಂದು ಕರೆಯಬಹುದು. ನಾವು ಹಾಗೆ ಕರೆಯಬಾರದು. ‘ಬಾ, ಕೂತ್ಕೋ’ ಎನ್ನುವ ಬದಲು ‘ಬನ್ನಿ, ಕೂತ್ಕೊಳ್ಳಿ’ ಎಂದರೆ ನಮ್ಮ ಧ್ವನಿಯೂ, ನಾವು ಅವರಿಗೆ ಒಪ್ಪಿಸುವ ಕೆಲಸವೂ ತಾನಾಗಿ ಬದಲಾಗುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ಆಯ್ಕೆಯನ್ನು ಕೇಳುವಾಗಲೂ ಎಚ್ಚರ ಬೇಕು. ‘ಕಾಫಿ ಬೇಕೋ, ಟೀ ಬೇಕೋ’ ಎಂದರೆ ‘ಟೀ’ ಎಂದವರು, ಪ್ರಶ್ನೆಯನ್ನು ತಿರುಗಿಸಿ ಕೇಳಿದಾಗ ‘ಕಾಫಿ’ ಎಂದರೆ, ಅವರು ಕೊನೆಯ ಪದವನ್ನಷ್ಟೇ ಮರಳಿ ಹೇಳಿದ್ದಾರೆಂದು ಅನುಮಾನಿಸಬೇಕು. ಎರಡೂ ಲೋಟಗಳನ್ನು ಮುಂದಿಟ್ಟು, ಕೈ ಯಾವುದರತ್ತ ಹೋಗುತ್ತದೆಂದು ಕಾಯುವುದು ಮೇಲು.

ಏನನ್ನು ಕಲಿಸಬೇಕೆಂದು ತೀರ್ಮಾನಿಸಲು ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಸಾಧನಗಳಲ್ಲಿ ಒಂದು, ಚೆನ್ನೈನಲ್ಲಿ ರೂಪುಗೊಂಡ ಮದ್ರಾಸ್ ಡೆವಲಪ್‌ಮೆಂಟಲ್ ಪ್ರೋಗ್ರಾಮಿಂಗ್ ಸಿಸ್ಟಂ. ಅದರಲ್ಲಿ 18 ವಿಭಾಗಗಳಿದ್ದು, ಒಂದೊಂದರಲ್ಲಿ 20ರಂತೆ ಒಟ್ಟು 360 ಅಂಶಗಳಿವೆ. ವ್ಯಕ್ತಿ ಏನನ್ನು ಮಾಡಬಲ್ಲರೆಂಬುದು ಅದರಿಂದ ತಿಳಿಯುತ್ತದೆ. ಅವರಿಗೆ ಏನು ಇಷ್ಟವೆಂಬುದನ್ನು ನಾವು ಬೇರೆಯಾಗಿಯೇ ಕಂಡುಕೊಳ್ಳಬೇಕು.

ಈಗ ಕಲಿಸುವ ಬಗೆಯನ್ನು ನೋಡೋಣ. ದೀಪದ ಹೂಬತ್ತಿಗಳನ್ನು 50ರಂತೆ ಎಣಿಸಿ ಪೊಟ್ಟಣ ಕಟ್ಟುವ ಕೆಲಸವಿದೆ ಎಂದುಕೊಳ್ಳಿ. ಹತ್ತರವರೆಗೂ ಎಣಿಸಲು ಬಾರದವರು ಇದನ್ನು ಮಾಡಲಾರರೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಚನ್ನೆಮಣೆಯಂತೆ 25 ಗುಳಿಗಳನ್ನು ಕೊರೆದ ಹಲಗೆಯೊಂದನ್ನು ಕೊಟ್ಟು, ಗುಳಿಗೊಂದರಂತೆ ಬತ್ತಿ ಇಡಲು ಹೇಳಿದರೆ ಎಣಿಕೆಯ ಹೊಣೆಯನ್ನು ಹಲಗೆಯೇ ಹೊರುತ್ತದೆ: ಎರಡು ಬಾರಿ ತುಂಬಿ ಸುರಿದರೆ ಒಂದು ಪೊಟ್ಟಣ. ವ್ಯಕ್ತಿಯನ್ನು ಕೆಲಸಕ್ಕೆ ಒಗ್ಗಿಸಲು ವರ್ಷಗಟ್ಟಲೆ ಹೆಣಗುವ ಮೊದಲು ಕೆಲಸವನ್ನೇ ವ್ಯಕ್ತಿಗೆ ಒಗ್ಗಿಸಲು ಸಾಧ್ಯವೇ ಎಂದು ನೋಡಬೇಕು.

ಬಳಿಕ ಕೆಲಸವನ್ನು ಹಂತಗಳಾಗಿ ಒಡೆಯಬೇಕು: ಹಲಗೆ ತುಂಬುವುದು, ಖಾಲಿ ಗುಳಿ ಉಳಿದಿದೆಯೇ ಎಂದು ನೋಡುವುದು, ಕವರಿಗೆ ಸುರಿಯುವುದು, ಬಾಯಿ ಮಡಚುವುದು, ಸ್ಟೇಪ್ಲರ್ ಒತ್ತುವುದು, ಬುಟ್ಟಿಗೆ ಹಾಕುವುದು. ಕಲಿಕೆಯನ್ನು ಕೊನೆಯಿಂದ ಆರಂಭಿಸುವ ಕ್ರಮವೊಂದಿದೆ. ಮೊದಲ ಐದು ಹಂತಗಳನ್ನು ಜೊತೆಗೂಡಿ ಮಾಡಿ, ಬುಟ್ಟಿಗೆ ಹಾಕುವುದನ್ನು ಮಾತ್ರ ಅವರಿಗೆ ಬಿಡುತ್ತೇವೆ. ಅದು ಕೈಗೆ ಕುದುರಿದ ಮೇಲೆ ಸ್ಟೇಪ್ಲರನ್ನೂ ಬಿಡುತ್ತೇವೆ. ಹೀಗೆ ಮಾಡಿದಾಗ ಮೊದಲ ದಿನದಿಂದಲೇ ಕೆಲಸವನ್ನು ಮುಗಿಸಿದ ಸಂತೋಷ ಕಲಿಯುವವರದಾಗುತ್ತದೆ.

ನೆರವಿನಲ್ಲೂ ಮೆಟ್ಟಿಲುಗಳಿವೆ: ಕೈ ಹಿಡಿದು ಮಾಡಿಸುವುದು, ಮಾಡಿ ತೋರಿಸುವುದು, ಸನ್ನೆ ಮಾಡುವುದು, ಬಾಯಿಮಾತಿನಲ್ಲಿ ಹೇಳುವುದು. ಇವುಗಳಲ್ಲಿ ಬಾಯಿಮಾತು ಅತ್ಯಂತ ಹಗುರವೆಂದು ತೋರಿದರೂ ಬಿಡಿಸಿಕೊಳ್ಳುವುದು ಅದನ್ನೇ ಕಷ್ಟ. ‘ಹಾಂ, ಮಡಚಿ, ಈಗ ಒತ್ತಿ’ ಎಂದು ನಾವು ಅನ್ನುತ್ತಲೇ ಇದ್ದರೆ, ಆ ಮಾತು ಕೇಳುವವರೆಗೆ ಕೈ ನಿಂತೇ ಇರುತ್ತದೆ. ಅಂದರೆ ನಾವು ಕಲಿಸಿದ್ದು ಪೊಟ್ಟಣ ಕಟ್ಟುವುದನ್ನಲ್ಲ, ನಮ್ಮ ಮಾತಿಗೆ ಕಾಯುವುದನ್ನು. ಆದುದರಿಂದ ಐದಾರು ಸೆಕೆಂಡು ಸುಮ್ಮನೆ ಕಾಯುವುದನ್ನು ಅಭ್ಯಾಸ ಮಾಡಬೇಕು, ಮತ್ತು ಯಾವ ಹಂತಕ್ಕೆ ಎಂತಹ ನೆರವು ಬೇಕಾಯಿತೆಂದು ದಿನವೂ ಪುಸ್ತಕದಲ್ಲಿ ಬರೆದಿಡಬೇಕು.

ನೆಮ್ಮದಿಯಿಂದ ಕೆಲಸ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ತಲೆಗೆ ಹೊಡೆದುಕೊಳ್ಳತೊಡಗಿದರೆ ‘ಹಟ’ ಎಂದು ಬರೆದು ಮುಗಿಸಬಾರದು. ಅದಕ್ಕೆ ಮುಂಚೆ ಏನಾಯಿತು, ಅವರು ಏನು ಮಾಡಿದರು, ಅನಂತರ ಏನಾಯಿತು ಎಂಬ ಮೂರನ್ನೂ ದಾಖಲಿಸಬೇಕು. ಜೊತೆಗೆ ಹಲ್ಲುನೋವು, ಕಿವಿಯ ಸೋಂಕು, ಮಲಬದ್ಧತೆಗಳು ಇವೆಯೇ ಎಂದು ಮೊದಲು ಪರೀಕ್ಷೆ ಮಾಡಿಸಬೇಕು, ಏಕೆಂದರೆ ಮಾತು ಬಾರದವರ ನೋವು ಹೊರಬರುವುದು ಹೀಗೆಯೇ. ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಸಲ್ಲದು; ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡಬೇಕು, ಐದು ನಿಮಿಷ ಮೀರಿದರೆ ಆಂಬುಲೆನ್ಸ್ ಕರೆಯಬೇಕು.

ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ವರ್ಣತಂತು ಹೆಚ್ಚಾಗಿರುವ ಸ್ಥಿತಿ) ಇರುವವರಲ್ಲಿ 40 ದಾಟಿದ ಮೇಲೆ ಮರೆವಿನ ಕಾಯಿಲೆ ಇತರರಿಗಿಂತ ಬೇಗ ಕಾಣಿಸಿಕೊಳ್ಳಬಹುದು. ವರ್ಷಗಟ್ಟಲೆ ತಾವಾಗಿಯೇ ಪೊಟ್ಟಣ ಕಟ್ಟಿದವರು ಮಡಚುವುದನ್ನು ಮರೆತರೆ ಅದನ್ನು ಸೋಮಾರಿತನವೆಂದು ಗದರಬಾರದು; ಥೈರಾಯ್ಡ್ ಕೊರತೆ, ಕಿವಿ ಮಂದವಾಗಿರುವುದು ಕೂಡ ಕಾರಣವಾಗಿರಬಹುದು, ಅವಕ್ಕೆ ಚಿಕಿತ್ಸೆಯುಂಟು. ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ ಹಂತವಾರು ದಾಖಲೆಯ ಆ ಪುಸ್ತಕವನ್ನು ಮನೆಯವರ ಕೈಗೆ ಕೊಟ್ಟು ಕಳುಹಿಸಬೇಕು. ಯಾವ ಹಂತ ಯಾವ ತಿಂಗಳಿನಿಂದ ಕೈಬಿಟ್ಟಿತೆಂಬುದು ವೈದ್ಯರಿಗೆ ಅದರಲ್ಲೇ ಸಿಗುತ್ತದೆ.