ಕೆಚ್ಚಲು ಬಾವಿನ ಹಾಲು ಮತ್ತು ಬ್ಯಾಕ್ಟೀರಿಯಾದ ಗೋಡೆ

ಕರೆಯುವ ಹಸುವಿನ ಒಂದು ಮೊಲೆಯಿಂದ ನೀರುನೀರಾದ, ಸಣ್ಣ ಗಡ್ಡೆಗಳು ತೇಲುವ ಹಾಲು ಬಂದು, ಕೆಚ್ಚಲಿನ ಆ ಭಾಗ ಬಿಸಿಯಾಗಿ ಊದಿಕೊಂಡು, ಮುಟ್ಟಿದರೆ ಹಸು ಒದೆಯತೊಡಗಿದರೆ ಅದು ಕೆಚ್ಚಲು ಬಾವು ಎಂದು ಹೇಳಲು ಹೈನುಗಾರರಿಗೆ ಯಾವ ಪ್ರಯೋಗಾಲಯದ ನೆರವೂ ಬೇಕಾಗುವುದಿಲ್ಲ. ಬಾವನ್ನು ತಂದ ಬ್ಯಾಕ್ಟೀರಿಯಾ ಯಾವುದು ಎಂಬುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ, ಚಿಕಿತ್ಸೆಯ ದಾರಿಯನ್ನು ನಿರ್ಧರಿಸುವುದು ಆ ಉತ್ತರವೇ. ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೇ ಎಂಬುದು ಬಹುಮಟ್ಟಿಗೆ ಕೆಚ್ಚಲಿನಲ್ಲೇ ಬದುಕುವ ಜೀವಿ. ಪೆನ್ಸಿಲಿನ್‌ಗೆ ಸುಲಭವಾಗಿ ಬಗ್ಗುತ್ತದೆ, ಮನಸ್ಸು ಮಾಡಿದರೆ ಇಡೀ ಹಿಂಡಿನಿಂದಲೇ ಅದನ್ನು ಹೊರಹಾಕಬಹುದು. ಸ್ಟ್ಯಾಫಿಲೊಕಾಕಸ್ ಆರಿಯಸ್ ಹಾಲಿನ ಗ್ರಂಥಿಯ ಒಳಗೆ ಅಡಗಿ ಕುಳಿತು ತಿಂಗಳುಗಟ್ಟಲೆ ಕಾಡುತ್ತದೆ. ಸಗಣಿಯಿಂದ, ಒದ್ದೆ ನೆಲದಿಂದ ಬರುವ ಇ. ಕೋಲಿ ಒಂದೆರಡು ದಿನಗಳಲ್ಲಿ ಹಸುವನ್ನೇ ನೆಲಕ್ಕೆ ಕೆಡವಬಲ್ಲದು. ಮೂರಕ್ಕೂ ಕೊಟ್ಟಿಗೆಯಲ್ಲಿ ಇರುವ ಹೆಸರು ಒಂದೇ.

ಹಸುವಿನ ಪಕ್ಕದಲ್ಲಿ ನಿಂತು ಮಾಡಬಹುದಾದ ಒಂದು ಪರೀಕ್ಷೆ ಇದೆ. 1957ರಲ್ಲಿ ಶಾಮ್ ಮತ್ತು ನೂರ್ಲಾಂಡರ್ ರೂಪಿಸಿದ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್‌ನಲ್ಲಿ ನಾಲ್ಕು ಗುಳಿಗಳಿರುವ ತಟ್ಟೆಗೆ ನಾಲ್ಕು ಮೊಲೆಗಳ ಹಾಲನ್ನು ಬೇರೆಬೇರೆಯಾಗಿ ಕರೆದು, ಸಮಪ್ರಮಾಣದ ಮಾರ್ಜಕ ದ್ರಾವಣ ಬೆರೆಸಿ ಅಲುಗಾಡಿಸುತ್ತಾರೆ. ಮಾರ್ಜಕವು ಹಾಲಿನಲ್ಲಿರುವ ಬಿಳಿ ರಕ್ತಕಣಗಳನ್ನು ಒಡೆದಾಗ ಅವುಗಳ ಡಿಎನ್‌ಎ ಹೊರಬಂದು ಹಾಲು ಲೋಳೆಯಾಗುತ್ತದೆ. ಲೋಳೆ ದಪ್ಪವಾದಷ್ಟೂ ಬಾವು ಹೆಚ್ಚು. ಹೊರಗೆ ಏನೂ ತೋರದ ಗುಪ್ತ ಕೆಚ್ಚಲು ಬಾವನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಆದರೆ ಇದು ತಿಳಿಸುವುದು ಹಸುವಿನ ದೇಹ ಹೋರಾಡುತ್ತಿದೆ ಎಂಬುದನ್ನು ಮಾತ್ರ, ಯಾರೊಂದಿಗೆ ಎಂಬುದನ್ನಲ್ಲ.

ಅದನ್ನು ತಿಳಿಯಲು ಹಾಲು ಪ್ರಯೋಗಾಲಯಕ್ಕೆ ಹೋಗಬೇಕು, ಅದೂ ಕೆಡದೆ ಹೋಗಬೇಕು. ಮೊಲೆಯ ತುದಿಯನ್ನು ಶೇ. 70ರ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸುವಾಗ ಮೊದಲು ದೂರದ ಎರಡು ಮೊಲೆಗಳನ್ನು, ಆಮೇಲೆ ಹತ್ತಿರದ ಎರಡನ್ನು ಒರೆಸಬೇಕು. ಹಾಲು ಹಿಡಿಯುವಾಗ ಈ ಕ್ರಮ ತಿರುಗುಮುರುಗಾಗಿ ಹತ್ತಿರದವು ಮೊದಲಾಗುತ್ತವೆ. ಹೀಗೆ ಮಾಡಿದರೆ ಒರೆಸಿ ಶುದ್ಧವಾದ ಮೊಲೆಗೆ ಕರೆಯುವವರ ತೋಳು ತಾಗುವುದಿಲ್ಲ. ಮೊದಲ ಕೆಲವು ಧಾರೆಗಳನ್ನು ಚೆಲ್ಲಿ, ಸೋಂಕುರಹಿತ ಸೀಸೆಯನ್ನು ಓರೆಯಾಗಿ ಹಿಡಿದು, ಕೊಟ್ಟಿಗೆಯ ದೂಳು ಬಾಯಿಗೆ ಬೀಳದಂತೆ ಹಾಲು ತುಂಬಿ ಮಂಜುಗಡ್ಡೆಯಲ್ಲಿಟ್ಟು ಕಳುಹಿಸುತ್ತಾರೆ. ಇದೆಲ್ಲ ನಡೆಯಬೇಕಾದದ್ದು ಆ್ಯಂಟಿಬಯೋಟಿಕ್ ಕೊಡುವುದಕ್ಕೆ ಮೊದಲು. ಇಂಜೆಕ್ಷನ್ ಕೊಟ್ಟು, ಗುಣ ಕಾಣದಿದ್ದಾಗ ಹಾಲು ಕಳುಹಿಸುವ ಪದ್ಧತಿ ನಮ್ಮಲ್ಲಿ ಎಷ್ಟು ಸಾಮಾನ್ಯವೋ ಅಷ್ಟೇ ವ್ಯರ್ಥ. ಅಂಥ ಹಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದಿದ್ದರೆ ಅದು ಸತ್ತಿದೆಯೋ, ಔಷಧದ ಅಂಶದಿಂದ ತಾತ್ಕಾಲಿಕವಾಗಿ ಅಡಗಿದೆಯೋ ಹೇಳಲಾಗದು.

ಪರೀಕ್ಷೆಗಳ ಮಾತಿಗೆ ಮುನ್ನ ಬ್ಯಾಕ್ಟೀರಿಯಾದ ರಚನೆಯನ್ನು ಸ್ವಲ್ಪ ನೋಡಬೇಕು. ಇಲ್ಲದಿದ್ದರೆ ಪಶುವೈದ್ಯಕೀಯ ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವ ಪಟ್ಟಿಯಂತೆ ಅವು ಒಂದಕ್ಕೊಂದು ಸಂಬಂಧವಿಲ್ಲದೆ ಉಳಿಯುತ್ತವೆ. ಬ್ಯಾಕ್ಟೀರಿಯಾದ ಕೋಶದಲ್ಲಿ ಪೊರೆಯಿಂದ ಸುತ್ತುವರಿದ ಕೋಶಕೇಂದ್ರವಿಲ್ಲ; ಸಾಮಾನ್ಯವಾಗಿ ಉಂಗುರದಾಕಾರದ ಒಂದು ಡಿಎನ್‌ಎ ಕೋಶರಸದಲ್ಲೇ ಇರುತ್ತದೆ. ಪ್ರೋಟೀನು ತಯಾರಿಸುವ ರೈಬೋಸೋಮ್‌ಗಳು ಪ್ರಾಣಿಕೋಶದವುಗಳಿಗಿಂತ ಚಿಕ್ಕವು, ರಚನೆಯಲ್ಲಿಯೂ ಬೇರೆ. ಟೆಟ್ರಾಸೈಕ್ಲಿನ್‌ನಂಥ ಔಷಧಗಳು ಹಸುವಿಗೆ ಹೆಚ್ಚು ತೊಂದರೆ ಮಾಡದೆ ಬ್ಯಾಕ್ಟೀರಿಯಾವನ್ನು ತಡೆಯುವುದಕ್ಕೆ ಈ ವ್ಯತ್ಯಾಸ ಒಂದು ಮುಖ್ಯ ಕಾರಣ. ಇದೆಲ್ಲವನ್ನೂ ತೆಳುವಾದ ಕೋಶಪೊರೆ ಹಿಡಿದಿಟ್ಟಿರುತ್ತದೆ, ಅದರ ಹೊರಗೆ ಕೋಶಭಿತ್ತಿ ಇರುತ್ತದೆ.

ಈ ಭಿತ್ತಿಯ ಮುಖ್ಯ ವಸ್ತು ಪೆಪ್ಟಿಡೊಗ್ಲೈಕಾನ್. ಎರಡು ಬಗೆಯ ಸಕ್ಕರೆ ಅಣುಗಳು ಒಂದಾದ ಮೇಲೊಂದು ಸೇರಿದ ಉದ್ದನೆಯ ಸರಪಳಿಗಳನ್ನು ಅಮೈನೊ ಆಮ್ಲಗಳ ಗಿಡ್ಡ ಎಳೆಗಳು ಅಡ್ಡಡ್ಡ ಹೆಣೆದು ಇದನ್ನು ಮಾಡಿರುತ್ತವೆ. ಕೋಶದ ಒಳಗಿನ ಒತ್ತಡ ಬಹಳ ಹೆಚ್ಚಾದ್ದರಿಂದ ಈ ಹೆಣಿಗೆ ಸಡಿಲವಾದರೆ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ಪೆನ್ಸಿಲಿನ್ ಮಾಡುವುದು ಅದನ್ನೇ: ಬೆಳೆಯುತ್ತಿರುವ ಕೋಶದಲ್ಲಿ ಹೊಸ ಅಡ್ಡಎಳೆಗಳನ್ನು ಜೋಡಿಸುವ ಕಿಣ್ವಗಳನ್ನು ತಡೆಯುತ್ತದೆ. ಪ್ರಾಣಿಗಳ ಕೋಶಗಳಿಗೆ ಇಂಥ ಭಿತ್ತಿಯೇ ಇಲ್ಲದ್ದರಿಂದ ಅವು ಪಾರಾಗುತ್ತವೆ.

ಭಿತ್ತಿ ಎಲ್ಲ ಬ್ಯಾಕ್ಟೀರಿಯಾಗಳಲ್ಲಿ ಒಂದೇ ತೆರನಾಗಿಲ್ಲ ಎಂಬುದನ್ನು ಹೊರಗೆಡವಿದ್ದು 1884ರಲ್ಲಿ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಪ್ರಕಟಿಸಿದ ಬಣ್ಣದ ವಿಧಾನ. ಆಗ ಅವರಿಗೆ ಪೆಪ್ಟಿಡೊಗ್ಲೈಕಾನ್ ವಿಷಯ ಗೊತ್ತಿರಲು ಸಾಧ್ಯವಿರಲಿಲ್ಲ; ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣುವಂತೆ ಮಾಡುವುದಷ್ಟೇ ಅವರ ಉದ್ದೇಶವಾಗಿತ್ತು. ಇಂದು ನಡೆಯುವ ಕ್ರಮದಲ್ಲಿ ಬ್ಯಾಕ್ಟೀರಿಯಾವನ್ನು ಸ್ಲೈಡಿನ ಮೇಲೆ ತೆಳುವಾಗಿ ಸವರಿ ಒಣಗಿಸಿ, ಜ್ವಾಲೆಯ ಮೇಲೆ ಹಾಯಿಸಿ, ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣ ಹಾಕಿ, ಆಮೇಲೆ ಅಯೋಡಿನ್ ಹಾಕುತ್ತಾರೆ. ಎರಡೂ ಸೇರಿ ಕೋಶದೊಳಗೆ ದೊಡ್ಡ ಸಂಯುಕ್ತವಾಗುತ್ತವೆ. ನಿಜವಾದ ಪರೀಕ್ಷೆ ನಡೆಯುವುದು ಮುಂದಿನ ಕೆಲವೇ ಸೆಕೆಂಡುಗಳಲ್ಲಿ, ಆಲ್ಕೊಹಾಲ್ ಸುರಿದಾಗ. 20ರಿಂದ 80 ನ್ಯಾನೋಮೀಟರ್ ದಪ್ಪದ ಭಿತ್ತಿಯಿರುವ ಕೋಶದಲ್ಲಿ ಆಲ್ಕೊಹಾಲ್ ನೀರನ್ನು ಹೀರಿ ರಂಧ್ರಗಳನ್ನು ಬಿಗಿಗೊಳಿಸುವುದರಿಂದ ಬಣ್ಣ ಒಳಗೇ ಉಳಿಯುತ್ತದೆ. ಇವು ಗ್ರಾಮ್ ಪಾಸಿಟಿವ್. ಗ್ರಾಮ್ ನೆಗೆಟಿವ್ ಕೋಶದಲ್ಲಿ ಪೆಪ್ಟಿಡೊಗ್ಲೈಕಾನ್ ಕೆಲವೇ ನ್ಯಾನೋಮೀಟರ್ ದಪ್ಪವಿದ್ದು, ಅದರ ಹೊರಗೆ ಕೊಬ್ಬಿನಂಶದ ಮತ್ತೊಂದು ಪೊರೆ ಇರುತ್ತದೆ. ಆ ಪೊರೆ ಆಲ್ಕೊಹಾಲಿಗೆ ಕರಗಿ ಬಣ್ಣ ತೊಳೆದುಹೋಗುತ್ತದೆ, ಕೊನೆಯಲ್ಲಿ ಹಾಕುವ ಸ್ಯಾಫ್ರನಿನ್ ಅವನ್ನು ಕೆಂಪಾಗಿಸುತ್ತದೆ. ಆಲ್ಕೊಹಾಲ್ ತುಸು ಹೆಚ್ಚು ಹೊತ್ತು ನಿಂತರೆ ಪಾಸಿಟಿವ್ ಕೋಶವೂ ಕೆಂಪಾಗುತ್ತದೆ, ಬೆಳೆಸಿಟ್ಟ ಬ್ಯಾಕ್ಟೀರಿಯಾ ಹಳೆಯದಾದರೂ ಹಾಗೆಯೇ. ಆದ್ದರಿಂದ ಅನುಭವಿಗಳು ಗೊತ್ತಿರುವ ಎರಡು ಬ್ಯಾಕ್ಟೀರಿಯಾಗಳನ್ನು ಅದೇ ಸ್ಲೈಡಿನ ಅಂಚಿನಲ್ಲಿ ಸವರಿ ತಾಳೆ ನೋಡುತ್ತಾರೆ.

ಹಾಲಿನಲ್ಲಿರುವ ಬ್ಯಾಕ್ಟೀರಿಯಾವನ್ನು ಮೊದಲು ಬೆಳೆಸುವುದು ಕುರಿಯ ರಕ್ತ ಬೆರೆಸಿದ ಬ್ಲಡ್ ಅಗಾರ್ ಎಂಬ ಗಟ್ಟಿ ಪೋಷಕ ಮಾಧ್ಯಮದ ಮೇಲೆ. ತಟ್ಟೆಯ ತಳಕ್ಕೆ ಪೆನ್ನಿನಿಂದ ಅಡ್ಡ ಉದ್ದ ಗೆರೆ ಎಳೆದು ಮೊಲೆಗೊಂದರಂತೆ ನಾಲ್ಕು ಭಾಗ ಮಾಡಿ, ಕಾಯಿಸಿ ಆರಿಸಿದ, ತಂತಿಯ ಕುಣಿಕೆಯಂಥ ಲೂಪ್‌ನಿಂದ ಹಾಲನ್ನು ಗೀಚಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಮರುದಿನ ನೋಡುತ್ತಾರೆ. ಒಂದೇ ಮೊಲೆಯ ಹಾಲಿನಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಕಾಲೊನಿಗಳು, ಅಂದರೆ ಕಣ್ಣಿಗೆ ಕಾಣುವಷ್ಟು ಬೆಳೆದ ಬ್ಯಾಕ್ಟೀರಿಯಾದ ಗುಂಪುಗಳು, ಬಂದಿದ್ದರೆ ಅದು ಸೋಂಕಿನ ಸುದ್ದಿಯಲ್ಲ, ಕೊಳೆ ಕೈಯ ಸುದ್ದಿ. ಮಾದರಿಯನ್ನು ಮತ್ತೆ ತರಿಸಬೇಕಾಗುತ್ತದೆ. ಕೆನೆಬಣ್ಣದ ಅಥವಾ ಹೊನ್ನಿನ ಬಣ್ಣದ ದುಂಡನೆಯ ಕಾಲೊನಿ, ಅದರ ಸುತ್ತ ರಕ್ತಕಣಗಳು ಪೂರ್ತಿ ಕರಗಿ ತಿಳಿಯಾದ ಒಂದು ವಲಯ, ಅದರಾಚೆ ಅರೆಬರೆ ಕರಗಿದ ಇನ್ನೊಂದು ವಲಯ ಕಂಡರೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಮೇಲೆ ಸಂಶಯ ಗಟ್ಟಿಯಾಗುತ್ತದೆ. ಒಳವಲಯ ಅದರ ಆಲ್ಫಾ ವಿಷದ ಕೆಲಸ, ಹೊರವಲಯ ಬೀಟಾ ವಿಷದ್ದು. ಸ್ಟ್ರೆಪ್ಟೊಕಾಕಸ್ ಕಾಲೊನಿಗಳು ಬಹಳ ಸಣ್ಣವು, ಅರೆಪಾರದರ್ಶಕ. ಸೂಕ್ಷ್ಮದರ್ಶಕದಲ್ಲಿ ಎರಡೂ ನೇರಳೆ ಗುಂಡುಗಳೇ. ಮೊದಲನೆಯದು ಗೊಂಚಲಾಗಿ, ಎರಡನೆಯದು ಸರವಾಗಿ ಕಾಣಬೇಕು. ಸ್ಲೈಡ್ ಮಾಡುವಾಗ ಗೊಂಚಲು ಚದುರಿ ಸರ ತುಂಡಾಗುವುದರಿಂದ ಕಣ್ಣನ್ನೇ ನಂಬಿ ಕೂರಲಾಗದು.

ಆಗ ಕೆಟಲೇಸ್ ಎಂಬ ಕಿಣ್ವದ ಪರೀಕ್ಷೆ ಬೇಕಾಗುತ್ತದೆ. ಕಾಲೊನಿಯ ಚೂರನ್ನು ಸ್ಲೈಡಿನ ಮೇಲಿಟ್ಟು ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಬಿಟ್ಟರೆ, ಸ್ಟ್ಯಾಫಿಲೊಕಾಕಸ್ ಆಗಿದ್ದಲ್ಲಿ ಆಮ್ಲಜನಕದ ಗುಳ್ಳೆಗಳು ಭರ್ರೆಂದು ಏಳುತ್ತವೆ. ಸ್ಟ್ರೆಪ್ಟೊಕಾಕಸ್ ಬಳಿ ಆ ಕಿಣ್ವವಿಲ್ಲದ್ದರಿಂದ ಹನಿ ಸುಮ್ಮನಿರುತ್ತದೆ. ಪರೀಕ್ಷೆ ಸುಲಭ, ಮೋಸಹೋಗುವುದೂ ಸುಲಭ. ಕಾಲೊನಿ ಎತ್ತುವಾಗ ಅಡಿಯ ಬ್ಲಡ್ ಅಗಾರ್ ಸ್ವಲ್ಪ ಅಂಟಿಕೊಂಡು ಬಂದರೂ ಸಾಕು, ಕೆಂಪು ರಕ್ತಕಣಗಳಲ್ಲಿರುವ ಕೆಟಲೇಸ್ ಗುಳ್ಳೆ ಎಬ್ಬಿಸುತ್ತದೆ. ಕಬ್ಬಿಣವಿರುವ ತಂತಿಯ ಲೂಪ್ ಕೂಡ ಗುಳ್ಳೆ ತರಬಲ್ಲದು. ಮರದ ಕಡ್ಡಿ ಬಳಸುವುದು ಅದಕ್ಕೇ.

ಗುಳ್ಳೆ ಎದ್ದರೆ ಮುಂದೆ ಕೋಯಾಗುಲೇಸ್ ಪರೀಕ್ಷೆ: ಮೊಲದ ರಕ್ತದ ಪ್ಲಾಸ್ಮಾದಲ್ಲಿ ಬ್ಯಾಕ್ಟೀರಿಯಾ ಬೆರೆಸಿ 37 ಡಿಗ್ರಿಯಲ್ಲಿಟ್ಟು, ಗಂಟೆಗೊಮ್ಮೆ ನಳಿಕೆ ಓರೆ ಮಾಡಿ ಪ್ಲಾಸ್ಮಾ ಹೆಪ್ಪುಗಟ್ಟಿದೆಯೇ ಎಂದು ನೋಡುತ್ತಾರೆ. ಮರುದಿನ ಬಂದು ನೋಡಿದರಾಯಿತು ಎಂದು ಬಿಡುವಂತಿಲ್ಲ, ಏಕೆಂದರೆ ಕೆಲವು ತಳಿಗಳು ತಾವೇ ಕಟ್ಟಿದ ಹೆಪ್ಪನ್ನು ಸ್ಟ್ಯಾಫಿಲೊಕೈನೇಸ್ ಎಂಬ ಇನ್ನೊಂದು ಕಿಣ್ವದಿಂದ ಕರಗಿಸಿಬಿಡುತ್ತವೆ. ಮನುಷ್ಯರ ಆಸ್ಪತ್ರೆಯಲ್ಲಿ ಹೆಪ್ಪುಗಟ್ಟಿದರೆ ಆರಿಯಸ್ ಎಂದು ಬರೆದುಬಿಡುವುದು ರೂಢಿ. ಪಶುವೈದ್ಯರಿಗೆ ಆ ಸೌಕರ್ಯ ಕಡಿಮೆ: ನಾಯಿಗಳ ಚರ್ಮದಲ್ಲಿ ಸಾಮಾನ್ಯವಾದ ಸ್ಟ್ಯಾಫಿಲೊಕಾಕಸ್ ಸ್ಯೂಡಿಂಟರ್‌ಮೀಡಿಯಸ್ ಕೂಡ ಹೆಪ್ಪುಗಟ್ಟಿಸುತ್ತದೆ, ಹಂದಿಗಳಲ್ಲಿ ಕಾಣುವ ಸ್ಟ್ಯಾಫಿಲೊಕಾಕಸ್ ಹೈಕಸ್‌ನ ಕೆಲವು ತಳಿಗಳೂ ಹಾಗೆಯೇ. ಮಾದರಿ ಯಾವ ಪ್ರಾಣಿಯದು ಎಂಬುದೂ ಗುರುತಿನ ಒಂದು ಭಾಗ.

ಗುಳ್ಳೆ ಏಳದ ಸ್ಟ್ರೆಪ್ಟೊಕಾಕಸ್‌ಗಳಲ್ಲಿ ಅಗಲಾಕ್ಟಿಯೇಯನ್ನು ಬೇರ್ಪಡಿಸುವ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕ್ರಿಸ್ಟಿ, ಆಟ್ಕಿನ್ಸ್ ಮತ್ತು ಮುಂಕ್-ಪೀಟರ್‌ಸನ್ 1944ರಲ್ಲಿ ವರದಿ ಮಾಡಿದ ಇದನ್ನು ಅವರ ಹೆಸರಿನ ಮೊದಲ ಅಕ್ಷರಗಳಿಂದ ಕ್ಯಾಂಪ್ ಪರೀಕ್ಷೆ ಎನ್ನುತ್ತಾರೆ. ಬೀಟಾ ವಿಷ ಸುರಿಸುವ ಸ್ಟ್ಯಾಫಿಲೊಕಾಕಸ್ ಅನ್ನು ಬ್ಲಡ್ ಅಗಾರ್ ಮೇಲೆ ನೇರ ಗೆರೆಯಾಗಿ ಎಳೆದು, ಅದಕ್ಕೆ ಲಂಬವಾಗಿ, ಆದರೆ ತಾಗದಂತೆ, ಪರೀಕ್ಷಿಸಬೇಕಾದ ಸ್ಟ್ರೆಪ್ಟೊಕಾಕಸ್ ಎಳೆಯುತ್ತಾರೆ. ಕುರಿಯ ರಕ್ತಕಣದ ಪೊರೆಯಲ್ಲಿ ಸ್ಫಿಂಗೊಮಯಲಿನ್ ಎಂಬ ಕೊಬ್ಬು ಹೇರಳ. ಬೀಟಾ ವಿಷ ಅದನ್ನು ಕಡಿದು ಪೊರೆಯನ್ನು ದುರ್ಬಲಗೊಳಿಸುತ್ತದೆ, ಆದರೆ ಪೂರ್ತಿ ಒಡೆಯುವುದಿಲ್ಲ. ಅಗಲಾಕ್ಟಿಯೇ ಸುರಿಸುವ ಪ್ರೋಟೀನು ಆ ದುರ್ಬಲ ಪೊರೆಗೆ ರಂಧ್ರ ಕೊರೆಯುತ್ತದೆ. ಎರಡೂ ಕೂಡುವ ಜಾಗದಲ್ಲಿ ಮಾತ್ರ ರಕ್ತ ಪೂರ್ತಿ ಕರಗಿ, ಬಾಣದ ತುದಿಯ ಆಕಾರದ ತಿಳಿ ಜಾಗ ಮೂಡುತ್ತದೆ.

ಗ್ರಾಮ್ ನೆಗೆಟಿವ್‌ಗಳಿಗೆ ಮೆಕಾಂಕಿ ಅಗಾರ್ ಇದೆ. ಅದರಲ್ಲಿರುವ ಪಿತ್ತ ಲವಣಗಳು ಮತ್ತು ಕ್ರಿಸ್ಟಲ್ ವಯೊಲೆಟ್ ಹೊರಪೊರೆಯಿಲ್ಲದ ಗ್ರಾಮ್ ಪಾಸಿಟಿವ್‌ಗಳನ್ನು ತಡೆಯುತ್ತವೆ. ಬೆಳೆದವುಗಳಲ್ಲಿ ಲ್ಯಾಕ್ಟೋಸ್ ಹುದುಗಿಸಿ ಆಮ್ಲ ಮಾಡುವಂಥವು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಇ. ಕೋಲಿ ಮತ್ತು ಕ್ಲೆಬ್ಸಿಯೆಲ್ಲಾ ಎರಡೂ ಗುಲಾಬಿ, ಎರಡನೆಯದು ಕೋಶವನ್ನು ಹೊರಗಿನಿಂದ ಸುತ್ತಿರುವ ದಪ್ಪ ಕೋಶಕವಚದ ಕಾರಣ ಲೋಳೆಲೋಳೆ. ಇಂಡೋಲ್ ಎಂಬ ವಸ್ತುವನ್ನು ಬ್ಯಾಕ್ಟೀರಿಯಾ ತಯಾರಿಸುತ್ತದೆಯೇ ಎಂದು ನೋಡುವ ಪರೀಕ್ಷೆಯಲ್ಲಿ ಇ. ಕೋಲಿ ಕೆಂಪು ಉಂಗುರ ಕೊಡುತ್ತದೆ, ಸಿಟ್ರೇಟ್ ಬಳಸಿ ಬದುಕಲಾರದು. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ.

ಈ ಗುಂಪಿನ ಹೊರಪೊರೆಯಲ್ಲಿರುವ ಲಿಪೊಪಾಲಿಸ್ಯಾಕರೈಡ್ ಸ್ವತಃ ವಿಷ. ಹಸುವಿಗೆ ಜ್ವರ ಬರುವುದು, ಮೇವು ಬಿಡುವುದು, ಮೇಲೇಳಲಾಗದೆ ಮಲಗುವುದು ಮುಖ್ಯವಾಗಿ ಅದರಿಂದ. ಹಸುವಿನ ಬಿಳಿ ರಕ್ತಕಣಗಳು ಇ. ಕೋಲಿಯನ್ನು ಬೇಗನೆ ಕೊಲ್ಲುವುದರಿಂದ, ಹಸು ಸಾವಿನಂಚಿನಲ್ಲಿದ್ದರೂ ಹಾಲಿನಲ್ಲಿ ಏನೂ ಬೆಳೆಯದಿರುವುದುಂಟು. ಸತ್ತ ಬ್ಯಾಕ್ಟೀರಿಯಾದ ಭಿತ್ತಿಯ ಚೂರುಗಳೇ ಹಾನಿ ಮುಂದುವರಿಸುತ್ತವೆ. ಇಂಥ ಹಸುವಿಗೆ ಆ್ಯಂಟಿಬಯೋಟಿಕ್‌ಗಿಂತ ತುರ್ತಾಗಿ ಬೇಕಾಗುವುದು ರಕ್ತನಾಳಕ್ಕೆ ದ್ರವ ಮತ್ತು ಉರಿಯೂತ ತಗ್ಗಿಸುವ ಔಷಧ.

ಏನೂ ಬೆಳೆಯದಿರುವುದಕ್ಕೆ ಇನ್ನೊಂದು ಕಾರಣ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ. ಇದಕ್ಕೆ ಕೋಶಭಿತ್ತಿಯೇ ಇಲ್ಲ, ಆದ್ದರಿಂದ ಗ್ರಾಮ್ ಬಣ್ಣ ಉಪಯೋಗಕ್ಕೆ ಬಾರದು, ಪೆನ್ಸಿಲಿನ್ ನಾಟುವುದಿಲ್ಲ, ಸಾಮಾನ್ಯ ತಟ್ಟೆಯ ಮೇಲೆ ಅದು ಕಾಣಿಸಿಕೊಳ್ಳುವುದೂ ಇಲ್ಲ. ಸೀರಂ ಬೆರೆಸಿದ ವಿಶೇಷ ಮಾಧ್ಯಮದಲ್ಲಿ ವಾರಕ್ಕೂ ಮೀರಿ ಕಾಯಬೇಕಾಗುತ್ತದೆ.

ಹೆಸರು ಗೊತ್ತಾದ ಮೇಲೆ ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡಲು, ಬ್ಯಾಕ್ಟೀರಿಯಾ ಸವರಿದ ಮುಲ್ಲರ್-ಹಿಂಟನ್ ಅಗಾರ್ ಮೇಲೆ ಔಷಧದ ಬಿಲ್ಲೆಗಳನ್ನಿಟ್ಟು, ಸುತ್ತಲಿನ ಬೆಳೆಯದ ವಲಯವನ್ನು ಮಿಲಿಮೀಟರ್‌ಗಳಲ್ಲಿ ಅಳೆಯುತ್ತಾರೆ. ಪೆನ್ಸಿಲಿನ್ ಬಿಲ್ಲೆಯ ಸುತ್ತ ವಲಯದ ಅಂಚು ಕಡಿದಿಟ್ಟಂತೆ ಚೂಪಾಗಿದ್ದರೆ, ವಲಯ ಅಗಲವಿದ್ದರೂ, ಆ ಸ್ಟ್ಯಾಫಿಲೊಕಾಕಸ್ ಔಷಧವನ್ನು ಒಡೆಯುವ ಬೀಟಾ ಲ್ಯಾಕ್ಟಮೇಸ್ ತಯಾರಿಸುತ್ತಿದೆ ಎಂದರ್ಥ. ತಟ್ಟೆಯಲ್ಲಿ ಬಗ್ಗಿದ್ದು ಕೆಚ್ಚಲಿನಲ್ಲಿ ಬಗ್ಗದಿರುವುದೂ ಇದೆ. ಆರಿಯಸ್ ಅಲ್ಲಿ ನಾರುಗಟ್ಟಿದ ಅಂಗಾಂಶದ ನಡುವೆ, ಕೆಲವೊಮ್ಮೆ ಕೋಶಗಳ ಒಳಗೇ ಇರುತ್ತದೆ.

ಹೀಗೆ ತಟ್ಟೆಯಿಂದ ತಟ್ಟೆಗೆ ಹೋಗುವ ಕ್ರಮವನ್ನು ಮೊದಲಿಗೇ ಅನುಸರಿಸಬಾರದ ಒಂದು ಕಾಯಿಲೆಯಿದೆ. ನೆರಡಿ ಎಂದು ಕರೆಯುವ ಆಂಥ್ರಾಕ್ಸ್‌ನಲ್ಲಿ ಹಸು ಇದ್ದಕ್ಕಿದ್ದಂತೆ ಸತ್ತು, ಮೂಗು ಮತ್ತು ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಹೆಣವನ್ನು ಕೊಯ್ಯಲೇಬಾರದು. ಈ ಕಾಯಿಲೆ ತರುವ ಬ್ಯಾಸಿಲಸ್ ಆಂಥ್ರಾಸಿಸ್, ಬಹುಕಾಲ ಬಾಳುವ ಸುಪ್ತ ರೂಪವಾದ ಬೀಜಾಣುವಾಗಲು ಗಾಳಿಯ ಆಮ್ಲಜನಕ ಬೇಕು. ಕೊಯ್ಯದ ಹೆಣದಲ್ಲಿ ಅದು ಕೊಳೆತದ ನಡುವೆ ಸಾಯುತ್ತದೆ, ಕೊಯ್ದರೆ ಬೀಜಾಣುಗಳು ಆ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ. ಕಿವಿಯ ರಕ್ತನಾಳದಿಂದ ಒಂದು ಹನಿ ಸ್ಲೈಡಿಗೆ ಸವರಿ ಪಾಲಿಕ್ರೋಮ್ ಮಿಥಿಲೀನ್ ಬ್ಲೂ ಹಾಕಿದರೆ, ತುದಿ ಚೌಕನಾಗಿರುವ ನೀಲಿ ಕಡ್ಡಿಗಳ ಸುತ್ತ ಗುಲಾಬಿ ಬಣ್ಣದ ಕೋಶಕವಚ ಕಾಣುತ್ತದೆ. ಮ್ಯಾಕ್‌ಫೇಡಿಯನ್ 1903ರಲ್ಲಿ ವಿವರಿಸಿದ ಈ ಗುರುತು ಇಂದಿಗೂ ಬಳಕೆಯಲ್ಲಿದೆ. ಬಿಳಿ ರಕ್ತಕಣಗಳು ನುಂಗದಂತೆ ಬ್ಯಾಕ್ಟೀರಿಯಾವನ್ನು ಕಾಯುವುದು ಆ ಕವಚವೇ. ದಕ್ಷಿಣ ಆಫ್ರಿಕಾದಲ್ಲಿ ಮ್ಯಾಕ್ಸ್ ಸ್ಟರ್ನ್ 1930ರ ದಶಕದಲ್ಲಿ ಕವಚ ಕಳೆದುಕೊಂಡ, ಆದರೆ ವಿಷವನ್ನು ತಯಾರಿಸುವ ತಳಿಯೊಂದನ್ನು ಪಡೆದು ಲಸಿಕೆ ಮಾಡಿದರು. ಜಾನುವಾರುಗಳಿಗೆ ಇಂದು ಜಗತ್ತಿನ ಬಹುಭಾಗದಲ್ಲಿ ಹಾಕುವುದು ಆ ತಳಿಯ ಜೀವಂತ ಬೀಜಾಣುಗಳನ್ನೇ, ಹಾಗಾಗಿ ಲಸಿಕೆಯ ಆಸುಪಾಸಿನ ದಿನಗಳಲ್ಲಿ ಹಸುವಿಗೆ ಆ್ಯಂಟಿಬಯೋಟಿಕ್ ಕೊಟ್ಟರೆ ಲಸಿಕೆ ನಾಟುವುದಿಲ್ಲ.