ಒಂದು ಹಾಡಿಗೆ ಇಷ್ಟೊಂದು ಕಟ್ ಯಾಕೆ? ನಮ್ಮ ಕಡೆಯ ಆಲ್ಬಂ ಹಾಡುಗಳ ಹಿನ್ನೆಲೆ

ಕಲಬುರಗಿ, ಯಾದಗಿರಿ, ಬೀದರ್, ಯಾವ ಕಡೆಯ ಜಾನಪದ ಆಲ್ಬಂ ಹಾಡು ನೋಡಿದರೂ ಈಗ ಶುರು ಹೆಚ್ಚುಕಮ್ಮಿ ಒಂದೇ ಥರ. ಡ್ರೋನ್ ಮೇಲೇಳುತ್ತದೆ, ಕೆಳಗೆ ತೊಗರಿ ಹೊಲ ಇಲ್ಲವೇ ಕೋಟೆ ಗೋಡೆ, ಆಮೇಲೆ ಹೀರೋ ಸ್ಲೋ ಮೋಷನ್‌ನಲ್ಲಿ ಬೈಕ್ ಇಳಿಯುತ್ತಾನೆ, ಬೀಟ್ ಬಿದ್ದ ಕೂಡಲೇ ಪಟಪಟ ಕಟ್. ಹಾಡುವವರ ಮುಖ ಸರಿಯಾಗಿ ಕಾಣೋ ಮೊದಲೇ ಶಾಟ್ ಬದಲಾಗಿರುತ್ತದೆ. ಇದು ಒಂದೇ ದಿನ ಆದದ್ದಲ್ಲ.

ಟಿವಿ ನಮ್ಮ ಕಡೆಗೆ ಬೆಂಗಳೂರಿಗಿಂತ ಮೊದಲೇ ಬಂತು. 1975ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ಶುರುವಾದಾಗ ಕರ್ನಾಟಕದಿಂದ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಯಾದಗಿರಿ ಆಗ ಗುಲ್ಬರ್ಗಾ ಜಿಲ್ಲೆಯೊಳಗೇ ಇತ್ತು. 1977ಕ್ಕೆ ಗುಲ್ಬರ್ಗಾದಲ್ಲಿ ಟಿವಿ ಕೇಂದ್ರವೇ ಬಂತು. ಅತ್ತ ಅಮೆರಿಕದಲ್ಲಿ 1981ರಲ್ಲಿ ಹಾಡಿನ ವಿಡಿಯೋಗಳಿಗೇ ಅಂತ ಎಂಟಿವಿ ಚಾನೆಲ್, ಇತ್ತ 90ರ ದಶಕದಲ್ಲಿ ಕೇಬಲ್, ಆಮೇಲೆ ಕ್ಯಾಸೆಟ್ ಹೋಗಿ ಜಾತ್ರೆ ಅಂಗಡಿಗಳಲ್ಲಿ ವಿಸಿಡಿ, ಅಂದರೆ ವಿಡಿಯೋ ಸಿಡಿ.

ಕತೆ ರುಚಿ ಹಿಡಿಯೋದು ವಿಸಿಡಿ ಕಾಲದಿಂದ. ಆಲ್ಬಂ ಹಾಡಿಗೆ ಕ್ಯಾಮೆರಾ ಹಿಡಿದವರಲ್ಲಿ ಬಹಳಷ್ಟು ಜನ ಮದುವೆ ಶೂಟಿಂಗ್‌ನವರೇ. ಹೀಗಾಗಿ ಮದುವೆ ವಿಡಿಯೋದ ಚಾಳಿಗಳೆಲ್ಲ ಹಾಡಿಗೂ ಬಂದವು: ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ಹೂವು ಅರಳೋದು, ಪುಟ ತಿರುಗೋದು, ಜೋಡಿ ಸುತ್ತ ಹೃದಯದ ಚೌಕಟ್ಟು. ಈಗ ನೋಡಿದರೆ ನಗು ಬರುತ್ತದೆ. ಆದರೆ ಕ್ಯಾಮೆರಾ ಸ್ಟ್ಯಾಂಡ್ ಮೇಲೆ ನಿಂತಿರುತ್ತಿತ್ತು. ತತ್ವಪದ ಹಾಡುವವರ ಬೆರಳು ಏಕತಾರಿ ಮೇಲೆ ಹೇಗೆ ಆಡುತ್ತದೆ ಅನ್ನೋದನ್ನು ಪೂರ್ತಿ ಒಂದು ನುಡಿ ಮುಗಿಯೋವರೆಗೂ ನೋಡಬಹುದಿತ್ತು.

2008ರಲ್ಲಿ ಕ್ಯಾನನ್‌ನ 5ಡಿ ಮಾರ್ಕ್ 2 ಬಂತು. ಫೋಟೋ ಕ್ಯಾಮೆರಾದಲ್ಲೇ ಫುಲ್ ಎಚ್‌ಡಿ ವಿಡಿಯೋ. ಕೆಲವೇ ವರ್ಷಗಳಲ್ಲಿ ಅಂಥ ಡಿಎಸ್‌ಎಲ್‌ಆರ್‌ಗಳು ನಮ್ಮ ಸ್ಟುಡಿಯೋಗಳಿಗೂ ಬಂದವು, ಹಿನ್ನೆಲೆ ಮಸುಕಾಗಿ ಮುಖ ಮಾತ್ರ ಎದ್ದು ಕಾಣುವ ಸಿನಿಮಾ ಥರದ ಚಿತ್ರ ಕೈಗೆ ಸಿಕ್ಕಿತು. ಕೆಲಸದ ಕ್ರಮ ಇವತ್ತಿಗೂ ಆಗಿನದ್ದೇ. ಹಾಡು ಮೊದಲೇ ರೆಕಾರ್ಡ್ ಆಗಿರುತ್ತದೆ. ಜಾಗದಲ್ಲಿ ಸ್ಪೀಕರ್ ಹಾಕಿ ಅದನ್ನೇ ನುಡಿಸುತ್ತಾರೆ, ಕಲಾವಿದರು ತುಟಿ ಕೂಡಿಸುತ್ತಾರೆ. ಕ್ಯಾಮೆರಾ ಇರೋದು ಒಂದೇ ಆದರೆ ಅದೇ ಪಲ್ಲವಿಯನ್ನು ದೂರದಿಂದ ಒಮ್ಮೆ, ಸೊಂಟದ ಮಟ್ಟಕ್ಕೆ ಒಮ್ಮೆ, ಮುಖದ ಹತ್ತಿರ ಒಮ್ಮೆ ಹಾಡಿಸುತ್ತಾರೆ. ಎಡಿಟಿಂಗ್‌ನಲ್ಲಿ ಮೂರನ್ನೂ ಪರದೆ ಮೇಲೆ ಕಾಣುವ ಹಾಡಿನ ಧ್ವನಿ ಅಲೆಗೆ ಹೊಂದಿಸಿದರೆ ಮೂರು ಕ್ಯಾಮೆರಾ ಇಟ್ಟ ಹಾಗೆ ಕಾಣುತ್ತದೆ.

ತುಟಿ ತಪ್ಪದ ಸ್ಲೋ ಮೋಷನ್ ಗುಟ್ಟು ಇನ್ನೂ ಮಜಾ. ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ, ಹೀರೋ ಅದೇ ವೇಗಕ್ಕೆ ಬಡಬಡ ತುಟಿ ಆಡಿಸಬೇಕು, ಸೆಕೆಂಡಿಗೆ 50 ಫ್ರೇಮ್, ಅಂದರೆ 50 ಬಿಡಿ ಚಿತ್ರದ ಲೆಕ್ಕದಲ್ಲಿ ತೆಗೆಯಬೇಕು. ಅದನ್ನು 25 ಫ್ರೇಮ್‌ಗೆ ಇಳಿಸಿದಾಗ ತುಟಿ ಹಾಡಿಗೆ ಸರಿಯಾಗಿ ಕೂರುತ್ತದೆ, ಕೂದಲು, ಸೆರಗು, ಧೂಳು ಮಾತ್ರ ನಿಧಾನಕ್ಕೆ ತೇಲುತ್ತವೆ. ಶೂಟಿಂಗ್ ನೋಡೋಕೆ ನಿಂತ ಜನಕ್ಕೆ ಅದೊಂದು ಕಾಮಿಡಿ.

ನಮ್ಮ ಬಿಸಿಲಿನದ್ದೇ ಬೇರೆ ತಕರಾರು. 25 ಫ್ರೇಮ್‌ಗೆ ಶಟರ್, ಅಂದರೆ ಒಂದೊಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 1/50 ಇಟ್ಟರೆ ಚಲನೆ ಕಣ್ಣಿಗೆ ಹಿತ. ಮಧ್ಯಾಹ್ನದ ಬೆಳಕಲ್ಲಿ ಹಾಗೆ ಇಟ್ಟರೆ ಚಿತ್ರ ಬೆಳ್ಳಗೆ ಸುಟ್ಟು ಹೋಗುತ್ತದೆ. ಲೆನ್ಸ್‌ಗೆ ಎನ್‌ಡಿ ಫಿಲ್ಟರ್ ಅನ್ನೋ ಕಪ್ಪು ಗಾಜು ಹಾಕಬೇಕು. ಅದಿಲ್ಲದವರು ಶಟರ್ ವೇಗ ಏರಿಸಿ ಆ ಹೊತ್ತು ಕಮ್ಮಿ ಮಾಡುತ್ತಾರೆ, ಕುಣಿತ ತುಂಡು ತುಂಡಾಗಿ ಕಾಣುತ್ತದೆ. ಹಾಗಾಗಿಯೇ ಬಹಳ ತಂಡಗಳು ಬೆಳಿಗ್ಗೆ ಬೇಗ ಮತ್ತು ಸಂಜೆ ಮಾತ್ರ ಶೂಟ್ ಮಾಡೋದು. ಟೈಮ್ ಕಮ್ಮಿ, ಶಾಟ್ ಕಮ್ಮಿ. ಕಮ್ಮಿ ಬಿದ್ದದ್ದನ್ನು ಮುಚ್ಚೋಕೆ ಕಟ್ ಜಾಸ್ತಿ, ಜೂಮ್ ಜಾಸ್ತಿ, ನಡುವೆ ವೇಗ ಏರಿಸಿ ಇಳಿಸೋ ಸ್ಪೀಡ್ ರ‍್ಯಾಂಪ್ ಜಾಸ್ತಿ.

ಬೀಟಿಗೆ ಕಟ್ ಮಾಡೋದು ತಪ್ಪೇನಲ್ಲ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಅರ್ಧ ಸೆಕೆಂಡಿಗೊಂದು ಬೀಟ್. ಪ್ರತಿ ಬೀಟಿಗೂ ಕತ್ತರಿಸಿದರೆ ಒಂದು ಶಾಟ್‌ಗೆ ಸಿಗೋದು 12-13 ಫ್ರೇಮ್. ಅಷ್ಟರಲ್ಲಿ ಹಲಗೆ ಬಾರಿಸುವವನ ಕೈ ಮೇಲೆದ್ದಿರುತ್ತದೆ, ಕೆಳಗೆ ಬಿದ್ದಿರೋದಿಲ್ಲ. ಪೆಟ್ಟು ಕೇಳುತ್ತದೆ, ಕಾಣೋದಿಲ್ಲ. ನಾಲ್ಕೋ ಎಂಟೋ ಬೀಟ್ ಬಿಟ್ಟು ಕತ್ತರಿಸಿದ್ದರೆ ಏನು ಹೋಗುತ್ತಿತ್ತು?

ಡ್ರೋನ್ ಬಂದ ಮೇಲೆ ಆಸೆ ಇನ್ನಷ್ಟು ಬೆಳೆಯಿತು, ತೊಡಕೂ ಬಂತು. 2021ರ ಡ್ರೋನ್ ನಿಯಮದ ಪ್ರಕಾರ ಮೊದಲೇ ಅನುಮತಿ ಕೇಳಬೇಕಿಲ್ಲದ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು. ಬೀದರ್‌ನಲ್ಲಿ ವಾಯುಪಡೆ ನೆಲೆ ಇದೆ, ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣ ಇದೆ, ಅವುಗಳ ಸುತ್ತ ಸುಮ್ನೆ ಹಾರಿಸೋ ಹಾಗಿಲ್ಲ. ಬೀದರ್ ಕೋಟೆಯಂಥ ಸ್ಮಾರಕಗಳಲ್ಲಿ ಶೂಟ್ ಮಾಡಲು ಪುರಾತತ್ವ ಇಲಾಖೆಯ ಅನುಮತಿಯೂ ಬೇಕು. ತೊಗರಿ ಹೊಲ, ಭೀಮಾ ದಂಡೆ ಇಷ್ಟೊಂದು ಹಾಡಲ್ಲಿ ಬರೋಕೆ ಇದೂ ಒಂದು ಕಾರಣ ಇರಬಹುದು.

ಕೊನೆಯ ತಿರುವು ಅಡ್ಡ ಪರದೆ ನೆಟ್ಟಗೆ ನಿಂತದ್ದು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಂತಿತು, ಅದೇ ವರ್ಷ ರೀಲ್ಸ್, ಶಾರ್ಟ್ಸ್ ಬಂದವು. ಈಗ ಒಂದೇ ಹಾಡಿಗೆ ಎರಡು ಅಳತೆ ತೆಗೆಯಬೇಕು, ಯೂಟ್ಯೂಬ್‌ಗೆ 16:9, ಮೊಬೈಲಿಗೆ 9:16. ಎರಡಕ್ಕೂ ಆಗಲಿ ಅಂತ ಹೀರೋ ಹೀರೋಯಿನ್ ಇಬ್ಬರನ್ನೂ ನಡುವೆ ಒತ್ತಿ ನಿಲ್ಲಿಸುತ್ತಾರೆ. ಜೋಡಿಗೇನೋ ನಡೆಯುತ್ತದೆ. ತಾಂಡಾದ ಲಂಬಾಣಿ ಹೆಣ್ಣುಮಕ್ಕಳ ಕುಣಿತ ದುಂಡಗೆ ಹರಡಿಕೊಂಡದ್ದು, ನೆಟ್ಟಗಿನ ಪರದೆಯಲ್ಲಿ ಇಬ್ಬರು ಮೂವರು ಉಳಿದು ಮಿಕ್ಕವರು ಆಚೆ ಹೋಗುತ್ತಾರೆ. ಮಾಳಿಗೆ ಹತ್ತಿ ಮೇಲಿಂದ ತೆಗೆದರೆ ದುಂಡು ಪೂರ್ತಿ ಸಿಗುತ್ತದೆ. ಅದಕ್ಕೆ ಡ್ರೋನೂ ಬೇಡ, ಅನುಮತಿಯೂ ಬೇಡ, ಮನೆಯವರನ್ನು ಕೇಳಿದರೆ ಸಾಕು.